ಒಂದು ಸಮವಾದ ಆಟದ ಪಾಠ

ಹೋದ ವರ್ಷ ನಮ್ಮ ಪಾಠಶಾಲೆಯ ಕ್ರೀಡಾವಾರದಲ್ಲಿ ಮೇಲಿನ ತರಗತಿಯ ಇಬ್ಬರು ಬಾಲಕಿಯರು ಚದುರಂಗದ ಕಡೆಯ ಪಂದ್ಯಕ್ಕೆ ಕುಳಿತರು. ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೆ ಆರಂಭವಾದ ಆಟವು ಎರಡು ಗಂಟೆಗಳ ಕಾಲ ನಡೆದು, ಯಾರೂ ಗೆಲ್ಲದೆ, ಯಾರೂ ಸೋಲದೆ ಸಮವಾಗಿ ಮುಗಿಯಿತು. ಬಾಲಕಿಯರಿಬ್ಬರೂ ಸಂತೋಷದಿಂದಲೇ ಕೈಕುಲುಕಿ ಎದ್ದರು. ಆದರೆ ನೋಡಲು ಬಂದಿದ್ದ ತಂದೆಯವರೊಬ್ಬರು ನಮ್ಮ ಕಡೆಗೆ ತಿರುಗಿ, "ಹಾಗಾದರೆ ಎರಡು ಗಂಟೆ ವ್ಯರ್ಥವಾಯಿತಲ್ಲವೇ, ಅಮ್ಮನವರೇ?" ಎಂದು ಕೇಳಿದರು. ಅವರು ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೂ ಪಕ್ಕದಲ್ಲಿಯೇ ನಿಂತಿದ್ದ ಅವರ ಮಗಳ ಮುಖವು ಆ ಕ್ಷಣದಲ್ಲಿ ಬಾಡಿದುದನ್ನು ನಾವು ಕಂಡೆವು. ನಾವು ಏನೋ ಒಂದು ಉತ್ತರ ಕೊಟ್ಟೆವು. ಅದು ನಮಗೇ ತೃಪ್ತಿಯನ್ನು ತರಲಿಲ್ಲ.

ಈ ಸ್ಮರಣ ಸಂಚಿಕೆಗೆ ಒಂದು ಪಾಠವನ್ನು ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಅಂದು ಕೊಡಲಾಗದ ಉತ್ತರವನ್ನು ಇಂದು ವಿವರವಾಗಿ ಕೊಡುವುದೇ ಉಚಿತವೆಂದು ತೋರಿತು. ಇದಕ್ಕಾಗಿ ನಾವು ಆರಿಸಿಕೊಂಡಿರುವುದು ೧೮೭೨ರಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ ನಡೆದ ಒಂದು ಆಟ. ಅದು ಸಮವಾಗಿ ಮುಗಿದ ಆಟ. ಅಂದು ಕುಳಿತ ಇಬ್ಬರಲ್ಲಿ ಯಾರಾದರೂ ಗೆದ್ದಿದ್ದರೆ ಅದು ಬಹುಶಃ ಇಂದಿಗೆ ಮರೆತುಹೋಗುತ್ತಿತ್ತು. ಸಮವಾದುದರಿಂದಲೇ ಚದುರಂಗ ಬಲ್ಲವರು ಅದನ್ನು "ಅಮರವಾದ ಸಮ ಆಟ"ವೆಂದು ಕರೆದು ನೂರೈವತ್ತು ವರ್ಷಗಳಿಗೂ ಮಿಕ್ಕಿ ನೆನಪಿನಲ್ಲಿ ಇಟ್ಟುಕೊಂಡಿದ್ದಾರೆ.

ಓದುವವರು ಮನೆಯಲ್ಲಿರುವ ಮಣೆಯನ್ನು ಹಾಸಿಕೊಂಡು, ಕಾಯಿಗಳನ್ನು ಹೂಡಿಕೊಂಡು ನಮ್ಮೊಡನೆ ಬರಬೇಕೆಂದು ಬೇಡುತ್ತೇವೆ. ಮಕ್ಕಳಿದ್ದರೆ ಎದುರಿಗೆ ಕೂರಿಸಿಕೊಳ್ಳಿರಿ.

೧. ಹೆಸರುಗಳ ವಿಚಾರ

ಚದುರಂಗವು ನಮ್ಮ ದೇಶದಲ್ಲಿ ಹುಟ್ಟಿ, ಪಾರಸಿಕ ಮತ್ತು ಅರಬ್ಬೀ ನಾಡುಗಳ ಮಾರ್ಗವಾಗಿ ಯುರೋಪಿಗೆ ಹೋಯಿತೆಂಬುದನ್ನು ಎಲ್ಲರೂ ಬಲ್ಲಿರಿ. ನಮ್ಮಲ್ಲಿಯೂ ಅದರ ಅಭ್ಯಾಸವು ತಪ್ಪಿರಲಿಲ್ಲ. ೧೮೬೮ರಲ್ಲಿ, ಅಂದರೆ ಈ ಆಟಕ್ಕೆ ನಾಲ್ಕು ವರ್ಷ ಮೊದಲು, ಸ್ವರ್ಗಸ್ಥರಾದ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದು ಸಾರಿ ಮುಟ್ಟಿ ಬರುವ ಬಂಧಗಳನ್ನು ರಚಿಸಿದವರು.

ಯುರೋಪಿಗೆ ಹೋದ ಮೇಲೆ ಕಾಯಿಗಳ ಹೆಸರೂ ಬಲವೂ ಬದಲಾದುವು. ನಮ್ಮ ಮಂತ್ರಿಯು ಅಲ್ಲಿ ರಾಣಿಯಾದಳು. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಆಕೆಗೆ ನೇರವಾಗಿಯೂ ಮೂಲೆಯಾಗಿಯೂ ಎಷ್ಟು ದೂರವಾದರೂ ಹೋಗುವ ಬಲ ಬಂದಿತು. ನಮ್ಮ ಒಂಟೆಗೆ ಇಂಗ್ಲಿಷರು ಬಿಷಪ್ ಎಂದು ಹೆಸರಿಟ್ಟರು. ಈ ಪಾಠದಲ್ಲಿ ನಾವು ರಾಜ, ರಾಣಿ, ಆನೆ, ಒಂಟೆ, ಕುದುರೆ, ಕಾಲಾಳು ಎಂಬ ಹೆಸರುಗಳನ್ನು ಬಳಸುತ್ತೇವೆ. ಆನೆಯು ನೇರವಾಗಿಯೂ ಒಂಟೆಯು ಮೂಲೆಯಾಗಿಯೂ ನಡೆಯುವುದು. ರಾಜನ ಮೇಲೆ ನೇರವಾಗಿ ಏರಿ ಹೋದರೆ ಅದು ಶಹ. ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಿದ್ದರೆ ಅದು ಶಹಮಾತ್, ಆಟವು ಮುಗಿಯಿತು.

ಮನೆಗಳನ್ನು ಗುರುತಿಸಲು ಬಿಳಿಯವರ ಎಡಗಡೆಯಿಂದ ಬಲಗಡೆಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದೂ, ಬಿಳಿಯವರ ಕಡೆಯಿಂದ ಮೇಲಕ್ಕೆ ೧ರಿಂದ ೮ರ ವರೆಗೂ ಎಣಿಸಬೇಕು. ಬಿಳಿಯ ರಾಜನು ಇ೧ರಲ್ಲಿಯೂ ರಾಣಿಯು ಡಿ೧ರಲ್ಲಿಯೂ ಇರುವರು. ಕಪ್ಪು ರಾಜನು ಇ೮ರಲ್ಲಿ, ರಾಣಿಯು ಡಿ೮ರಲ್ಲಿ.

೨. ಆಡಿದವರು

ಬಿಳಿಯ ಕಾಯಿಗಳನ್ನು ಹಿಡಿದವರು ಕಾರ್ಲ್ ಹ್ಯಾಂಪೆ ಎಂಬವರು. ಇವರು ವಿಯೆನ್ನಾದಲ್ಲಿ ಸರ್ಕಾರಿ ಅಧಿಕಾರಿಗಳಾಗಿದ್ದರು. ಎರಡನೆಯ ನಡೆಯಲ್ಲಿಯೇ ರಾಣಿಯ ಕಡೆಯ ಕುದುರೆಯನ್ನು ಹೊರಡಿಸುವ "ವಿಯೆನ್ನಾ ಆಟ"ವೆಂಬ ಆರಂಭವನ್ನು ಬಹಳವಾಗಿ ಅಭ್ಯಾಸಮಾಡಿದವರಾದುದರಿಂದ ಅದಕ್ಕೆ ಹ್ಯಾಂಪೆಯವರ ಆಟವೆಂದೂ ಹೆಸರುಂಟು. ಕಪ್ಪು ಕಾಯಿಗಳನ್ನು ಹಿಡಿದವರು ಫಿಲಿಪ್ ಮೈಟ್ನರ್ ಎಂಬ ವಕೀಲರು. ಹ್ಯಾಂಪೆಯವರಿಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವರು. ಮುಂದಿನ ವರ್ಷ, ೧೮೭೩ರಲ್ಲಿ, ವಿಯೆನ್ನಾದಲ್ಲಿ ನಡೆದ ದೊಡ್ಡ ಪಂದ್ಯಾವಳಿಯಲ್ಲಿ ಸ್ಟೈನಿಟ್ಸ್, ಆಂಡರ್ಸನ್, ಬ್ಲ್ಯಾಕ್‌ಬರ್ನ್ ಮೊದಲಾದ ಪ್ರಖ್ಯಾತರೊಡನೆ ಈ ಮೈಟ್ನರರೂ ಆಡಿದರು. ಇವರ ಹೆಸರನ್ನು ಜ್ಞಾಪಕದಲ್ಲಿ ಇಟ್ಟುಕೊಳ್ಳಿರಿ. ಪಾಠದ ಕೊನೆಯಲ್ಲಿ ಇವರ ಮನೆಗೆ ಒಮ್ಮೆ ಹೋಗಿ ಬರಬೇಕಾಗಿದೆ.

೩. ಆರಂಭ: ಮೊದಲನೆಯ ತ್ಯಾಗ

೧. ಬಿಳಿಯ ಕಾಲಾಳು ಇ೪; ಕಪ್ಪು ಕಾಲಾಳು ಇ೫.
೨. ಬಿಳಿಯ ಕುದುರೆ ಸಿ೩. ಕಪ್ಪು ಒಂಟೆ ಸಿ೫.
೩. ಬಿಳಿಯ ಕುದುರೆ ಎ೪. ಕಪ್ಪು ಒಂಟೆ ಎಫ್೨ರ ಕಾಲಾಳನ್ನು ಹೊಡೆದು ಶಹ.

ಮೊದಲನೆಯ ಎರಡು ನಡೆಗಳಲ್ಲಿ ವಿಶೇಷವೇನೂ ಇಲ್ಲ. ಕಪ್ಪು ಒಂಟೆಯು ಸಿ೫ರಲ್ಲಿ ನಿಂತು ಎಫ್೨ರ ಕಾಲಾಳನ್ನು ದೂರದಿಂದ ನೋಡುತ್ತಿದೆ. ಆ ಕಾಲಾಳಿಗೆ ಕಾವಲು ರಾಜನೊಬ್ಬನೇ. ಮೂರನೆಯ ನಡೆಯಲ್ಲಿ ಹ್ಯಾಂಪೆಯವರು ಕುದುರೆಯನ್ನು ಮಣೆಯ ಅಂಚಿಗೆ ಕೊಂಡೊಯ್ದು ಆ ಒಂಟೆಯ ಮೇಲೆ ಬಿಟ್ಟರು. ಉಳಿದ ಕಾಯಿಗಳು ಮನೆಯಲ್ಲಿಯೇ ಮಲಗಿರುವಾಗ ಒಂದೇ ಕಾಯಿಯನ್ನು ಎರಡು ಸಾರಿ ನಡೆಸಬಾರದು, ಕುದುರೆಯನ್ನು ಅಂಚಿಗೆ ಅಟ್ಟಬಾರದು ಎಂದು ನಾವು ಮಕ್ಕಳಿಗೆ ಹೇಳಿಕೊಡುವ ಎರಡು ನಿಯಮಗಳೂ ಇಲ್ಲಿ ಮುರಿದಿವೆ. ಒಂಟೆಯು ಹಿಂದಕ್ಕೆ ಸರಿದಿದ್ದರೆ ಏನೂ ಕೆಡುತ್ತಿರಲಿಲ್ಲ. ಆದರೆ ಮೈಟ್ನರರು ಸರಿಯಲಿಲ್ಲ. ಒಂದು ಕಾಲಾಳಿಗೆ ಬದಲಾಗಿ ಒಂಟೆಯನ್ನೇ ಕೊಟ್ಟು ರಾಜನನ್ನು ಬೀದಿಗೆ ಎಳೆದರು. ಇಂಥ ಆರಂಭವನ್ನು ಹರಿತವಾದ ಆರಂಭವೆನ್ನುತ್ತಾರೆ. ಹರಿತವಾದ ಕತ್ತಿಗೆ ಎರಡು ಅಲಗು. ಹಿಡಿದವನ ಕೈಯನ್ನೂ ಕೊಯ್ಯಬಲ್ಲದು. ಇಂದಿಗೂ ಈ ಕವಲಿಗೆ ಹ್ಯಾಂಪೆ-ಮೈಟ್ನರ್ ಎಂದೇ ಹೆಸರು.

೪. ರಾಜನು ಒಂಟೆಯನ್ನು ಹೊಡೆದನು. ಕಪ್ಪು ರಾಣಿ ಎಚ್೪, ಶಹ.
೫. ರಾಜ ಇ೩, ರಾಣಿ ಎಫ್೪, ಶಹ.
೬. ರಾಜ ಡಿ೩, ಕಪ್ಪು ಕಾಲಾಳು ಡಿ೫.
೭. ರಾಜ ಸಿ೩, ರಾಣಿಯು ಇ೪ರ ಕಾಲಾಳನ್ನು ಹೊಡೆದಳು.
೮. ರಾಜ ಬಿ೩, ಕಪ್ಪು ಕುದುರೆ ಎ೬.
೯. ಬಿಳಿಯ ಕಾಲಾಳು ಎ೩.

ನಾಲ್ಕನೆಯ ನಡೆಯ ಶಹಕ್ಕೆ ಬಿಳಿಯವರು ಜಿ೩ಕ್ಕೆ ಕಾಲಾಳನ್ನು ಅಡ್ಡವಿಟ್ಟಿದ್ದರೆ ಏನಾಗುತ್ತಿತ್ತೆಂದು ನೋಡಿರಿ. ಕಪ್ಪು ರಾಣಿಯು ಇ೪ರ ಕಾಲಾಳನ್ನು ಹೊಡೆದು, ಒಂದು ಕಣ್ಣಿನಿಂದ ಎ೪ರ ಕುದುರೆಯನ್ನೂ ಇನ್ನೊಂದು ಕಣ್ಣಿನಿಂದ ಎಚ್೧ರ ಆನೆಯನ್ನೂ ನೋಡುತ್ತಿದ್ದಳು. ಎರಡರಲ್ಲಿ ಒಂದು ಹೋಗಲೇಬೇಕು. ಹ್ಯಾಂಪೆಯವರು ಒಂದನ್ನೂ ಬಿಟ್ಟುಕೊಡಲು ಒಪ್ಪಲಿಲ್ಲ. ಬಂದುದನ್ನೆಲ್ಲ ಉಳಿಸಿಕೊಳ್ಳುವುದಕ್ಕಾಗಿ ರಾಜನನ್ನೇ ನಡೆಸಿದರು. ಇ೩, ಡಿ೩, ಸಿ೩, ಬಿ೩ ಎಂದು ರಾಜನು ಕಾಲ್ನಡಿಗೆಯಲ್ಲಿ ಮಣೆಯನ್ನು ದಾಟಿ, ಅಂಚಿನಲ್ಲಿ ಒಂಟಿಯಾಗಿದ್ದ ಕುದುರೆಯ ಕಾವಲಿಗೆ ಬಂದು ನಿಂತನು. ಸೇವಕನನ್ನು ರಾಜನು ಕಾಯಬೇಕಾದ ರಾಜ್ಯದ ಸ್ಥಿತಿಯನ್ನು ನೀವೇ ಊಹಿಸಿರಿ.

ಎಂಟನೆಯ ನಡೆಯಲ್ಲಿ ಕಪ್ಪು ಕುದುರೆಯು ಎ೬ಕ್ಕೆ ಬಂದುದು ಸುಮ್ಮನೆ ಅಲ್ಲ. ಆ ಕುದುರೆಯ ಬೆಂಬಲದಿಂದ ರಾಣಿಯು ಬಿ೪ಕ್ಕೆ ಬಂದರೆ ಅಲ್ಲಿಗೆ ಶಹಮಾತ್. ಅದನ್ನು ಕಂಡೇ ಬಿಳಿಯವರು ಎ೩ಕ್ಕೆ ಕಾಲಾಳನ್ನು ತಳ್ಳಿ ಬಿ೪ನ್ನು ಕಾದರು. ಇಲ್ಲಿಗೆ ದಾಳಿಯು ತೀರಿತೆಂದು ಯಾರಾದರೂ ಭಾವಿಸುತ್ತಿದ್ದರು.

೪. ನಡುವಣ ಆಟ: ರಾಣಿಯನ್ನು ಕೊಟ್ಟದ್ದು

೯. ... ಕಪ್ಪು ರಾಣಿಯು ಎ೪ರ ಕುದುರೆಯನ್ನು ಹೊಡೆದು ಶಹ.
೧೦. ರಾಜನು ರಾಣಿಯನ್ನು ಹೊಡೆದನು; ಕಪ್ಪು ಕುದುರೆ ಸಿ೫, ಶಹ.
೧೧. ರಾಜ ಬಿ೪, ಕಪ್ಪು ಕಾಲಾಳು ಎ೫, ಶಹ.
೧೨. ರಾಜನು ಸಿ೫ರ ಕುದುರೆಯನ್ನು ಹೊಡೆದನು. ಇನ್ನೊಂದು ಕಪ್ಪು ಕುದುರೆ ಇ೭.

ಕಪ್ಪಿನವರು ಒಂಟೆಯನ್ನು ಕೊಟ್ಟಿದ್ದರು; ಈಗ ರಾಣಿಯನ್ನೂ ಅದರ ಹಿಂದೆಯೇ ಕುದುರೆಯನ್ನೂ ಕೊಟ್ಟರು. ಪ್ರತಿಯಾಗಿ ಅವರಿಗೆ ದೊರೆತದ್ದು ಒಂದು ಕುದುರೆ, ಎರಡು ಕಾಲಾಳು. ಲೆಕ್ಕದ ಪುಸ್ತಕವನ್ನು ತೆರೆದು ನೋಡಿದರೆ ಇದು ದಿವಾಳಿ. ಆದರೆ ಮಣೆಯನ್ನು ನೋಡಿರಿ. ಬಿಳಿಯ ರಾಜನು ತನ್ನ ಅರಮನೆಯಿಂದ ನಾಲ್ಕು ಸಾಲು ಮುಂದೆ, ಶತ್ರುವಿನ ಕಾಲಾಳುಗಳ ನಡುವೆ ಒಬ್ಬನೇ ನಿಂತಿದ್ದಾನೆ. ಅವನ ರಾಣಿಯೂ ಎರಡು ಆನೆಗಳೂ ಎರಡು ಒಂಟೆಗಳೂ ಇನ್ನೊಂದು ಕುದುರೆಯೂ ಆಟವು ಆರಂಭವಾದಾಗ ಎಲ್ಲಿದ್ದುವೋ ಅಲ್ಲಿಯೇ ಇವೆ.

ಹನ್ನೆರಡನೆಯ ನಡೆಯನ್ನು ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕು. ರಾಣಿಯನ್ನು ಕೊಟ್ಟವನು ಶಹದ ಮೇಲೆ ಶಹ ಹಾಕುತ್ತ ಅವಸರಪಡುವನೆಂದು ನಾವು ಎಣಿಸುತ್ತೇವೆ. ಮೈಟ್ನರರು ಅವಸರಪಡಲಿಲ್ಲ. ಮನೆಯಲ್ಲಿದ್ದ ಕುದುರೆಯನ್ನು ಸದ್ದಿಲ್ಲದೆ ಇ೭ಕ್ಕೆ ತಂದರು. ಈಗ ಡಿ೫ರ ಕಾಲಾಳಿಗೆ ಕಾವಲಾಯಿತು, ಸಿ೬ರ ಬಾಗಿಲು ಮುಚ್ಚಿತು. ಮುಂದೆ ಬಿ೬ಕ್ಕೆ ಕಾಲಾಳು ಬಂದು ಶಹವಾದರೆ ರಾಜನಿಗೆ ಬಿ೫ ಒಂದೇ ಗತಿ. ಅಲ್ಲಿಗೆ ಹೋದೊಡನೆ ಒಂಟೆಯು ಡಿ೭ಕ್ಕೆ ಬಂದು ಶಹಮಾತ್. ಸುತ್ತಲಿನ ಒಂದೊಂದು ಮನೆಯನ್ನೂ ಬೆರಳಿಟ್ಟು ಪರೀಕ್ಷಿಸಿರಿ: ಎ೪ ಒಂಟೆಯ ದಾರಿಯಲ್ಲಿದೆ, ಎ೬ ಆನೆಯ ಕಣ್ಣಿನಲ್ಲಿದೆ, ಬಿ೪ನ್ನು ಎ೫ರ ಕಾಲಾಳೂ ಸಿ೪ನ್ನು ಡಿ೫ರ ಕಾಲಾಳೂ ಸಿ೫ನ್ನು ಬಿ೬ರ ಕಾಲಾಳೂ ಕಾಯುತ್ತಿವೆ. ಚಿಕ್ಕ ಕಾಯಿಗಳು ಒಂದಕ್ಕೊಂದು ಆಸರೆಯಾಗಿ ನಿಂತರೆ ಎಷ್ಟು ಗಟ್ಟಿಯಾದ ಬಲೆಯನ್ನು ನೇಯಬಲ್ಲುವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಾಣೆವು.

೫. ಕೊನೆಯ ಆಟ: ಇಬ್ಬರೂ ಕಂಡುಕೊಂಡದ್ದು

೧೩. ಬಿಳಿಯ ಒಂಟೆ ಬಿ೫, ಶಹ. ಕಪ್ಪು ರಾಜ ಡಿ೮.
೧೪. ಬಿಳಿಯ ಒಂಟೆ ಸಿ೬. ಕಪ್ಪು ಕಾಲಾಳು ಬಿ೬, ಶಹ.
೧೫. ರಾಜ ಬಿ೫, ಕಪ್ಪು ಕುದುರೆಯು ಸಿ೬ರ ಒಂಟೆಯನ್ನು ಹೊಡೆಯಿತು.
೧೬. ರಾಜನು ಆ ಕುದುರೆಯನ್ನು ಹೊಡೆದನು. ಕಪ್ಪು ಒಂಟೆ ಬಿ೭, ಶಹ.
೧೭. ರಾಜ ಬಿ೫, ಒಂಟೆ ಎ೬, ಶಹ.
೧೮. ರಾಜ ಸಿ೬, ಒಂಟೆ ಬಿ೭, ಶಹ. ಆಟ ಸಮ.

ಇದುವರೆಗೆ ನಾವು ಕಪ್ಪಿನವರ ಧೈರ್ಯವನ್ನೇ ಹೊಗಳುತ್ತ ಬಂದೆವು. ಈಗ ಬಿಳಿಯವರ ಸರದಿ. ಬಲೆಯು ಮುಚ್ಚುತ್ತಿರುವುದನ್ನು ಕಂಡ ಹ್ಯಾಂಪೆಯವರು ಹದಿನಾಲ್ಕನೆಯ ನಡೆಯಲ್ಲಿ ತಮ್ಮ ಒಂಟೆಯನ್ನು ಕುದುರೆಗೂ ಕಾಲಾಳಿಗೂ ಸಿಕ್ಕುವಂತೆ ಸಿ೬ರಲ್ಲಿ ಇಟ್ಟರು. ಆ ಒಂಟೆಯು ಬಿ೫ರಲ್ಲಿಯೇ ಉಳಿದಿದ್ದರೆ ರಾಜನಿಗೆ ಅದೇ ಅಡ್ಡಗೋಡೆಯಾಗಿ, ಬಿ೬ರ ಕಾಲಾಳಿನಿಂದಲೇ ಶಹಮಾತ್ ಆಗುತ್ತಿತ್ತು. ಸಿ೬ಕ್ಕೆ ಹೋದುದರಿಂದ ಬಿ೫ ತೆರವಾಯಿತು, ಕಪ್ಪು ಒಂಟೆಯು ಬರಬೇಕಾಗಿದ್ದ ಡಿ೭ಕ್ಕೂ ಕಾವಲು ಬಿದ್ದಿತು. ಆಟದ ಆರಂಭದಿಂದ ಏನನ್ನೂ ಕೊಡಲು ಒಪ್ಪದಿದ್ದವರು ಕಡೆಗೆ ಕೊಡುವುದರಿಂದಲೇ ಉಳಿದರು.

ಹದಿನಾರನೆಯ ನಡೆಯಲ್ಲಿ ಕಪ್ಪಿನವರು ಉಳಿದಿದ್ದ ಒಂದೇ ಒಂಟೆಯನ್ನೂ ಯಾವ ಕಾವಲೂ ಇಲ್ಲದ ಬಿ೭ರಲ್ಲಿ ತಂದಿಟ್ಟು ಶಹವೆಂದರು. ರಾಜನು ಅದನ್ನು ಏಕೆ ಹೊಡೆಯಬಾರದು? ಹೊಡೆದರೆ ಕಪ್ಪು ರಾಜನು ಶಾಂತವಾಗಿ ಡಿ೭ಕ್ಕೆ ಒಂದು ಹೆಜ್ಜೆ ಇಡುವನು. ಎಂಟನೆಯ ಸಾಲು ತೆರವಾಗಿ ಎರಡು ಆನೆಗಳೂ ಒಂದಕ್ಕೊಂದು ಆಸರೆಯಾಗುವುವು. ಎಚ್೮ರ ಆನೆಯು ಬಿ೮ಕ್ಕೆ ಬಂದರೆ ಶಹಮಾತ್. ಬಿಳಿಯ ರಾಣಿಯು ಜಿ೪ಕ್ಕೆ ಬಂದು ಒಂದು ಶಹ ಹಾಕಬಹುದು. ಕಪ್ಪು ರಾಜನು ಡಿ೬ಕ್ಕೆ ಸರಿಯುವನು, ಆನೆಯ ಶಹಮಾತ್ ಅಲ್ಲಿಗೂ ತಪ್ಪದು. ಇನ್ನು ಎ೬ರ ಶಹಕ್ಕೆ ರಾಜನು ಹಿಂದಕ್ಕೆ, ಎ೪ಕ್ಕೆ ಓಡಬಾರದೇ? ಓಡಿದರೆ ಒಂಟೆಯು ಸಿ೪ಕ್ಕೆ ಬಂದು ನಿಲ್ಲುವುದು. ಮುಂದಿನ ನಡೆಯಲ್ಲಿ ಬಿ೫ರ ಕಾಲಾಳಿನಿಂದ ಶಹಮಾತ್. ಆದುದರಿಂದ ಸಿ೬, ಬಿ೫, ಮತ್ತೆ ಸಿ೬. ರಾಜನಿಗೆ ಜೀವವಿರುವುದು ಈ ಎರಡು ಮನೆಗಳಲ್ಲಿ ಮಾತ್ರ.

ಕಪ್ಪಿನವರಾದರೂ ಬೇರೆ ಮಾಡಬಹುದೇ? ಅವರು ಒಂದು ನಡೆ ಶಹವನ್ನು ನಿಲ್ಲಿಸಿದರೆ, ಬಿಳಿಯವರ ರಾಣಿಯೂ ಆನೆಗಳೂ ಎದ್ದು ಬರುವುವು. ಅಷ್ಟು ದೊಡ್ಡ ಸೈನ್ಯದ ಎದುರಿಗೆ ಎರಡು ಆನೆ, ಒಂದು ಒಂಟೆ ಎಷ್ಟು ಹೊತ್ತು ನಿಂತಾವು? ಮುಂದಕ್ಕೆ ಹೋದರೂ ಹಿಂದಕ್ಕೆ ಹೋದರೂ ಬಿಳಿಯವರಿಗೆ ನಾಶ. ನಿಂತರೆ ಕಪ್ಪಿನವರಿಗೆ ನಾಶ. ಒಂಟೆಯು ಶಹ ಹಾಕುತ್ತಲೇ ಇರಬೇಕು, ರಾಜನು ಎರಡೇ ಮನೆಗಳ ನಡುವೆ ಓಡಾಡುತ್ತಲೇ ಇರಬೇಕು. ಇದನ್ನು ನಿರಂತರ ಶಹವೆನ್ನುತ್ತಾರೆ. ಒಂದೇ ಸ್ಥಿತಿಯು ಮೂರು ಸಾರಿ ಬಂದರೆ ಆಟವನ್ನು ಸಮವೆಂದು ಕೇಳಬಹುದೆಂಬುದು ಇಂದಿನ ನಿಯಮ.

ಹದಿನೆಂಟು ನಡೆಗಳಲ್ಲಿ ಬಿಳಿಯವರು ಹನ್ನೆರಡನ್ನು ರಾಜನಿಂದಲೇ ಆಡಿದರು. ಆಟವು ಮುಗಿದಾಗ ಅವರ ಬಳಿ ರಾಣಿ, ಎರಡು ಆನೆ, ಒಂಟೆ, ಕುದುರೆ, ಆರು ಕಾಲಾಳುಗಳು ಇದ್ದುವು. ಎ೩ರ ಕಾಲಾಳೊಂದನ್ನು ಬಿಟ್ಟರೆ ಇವುಗಳಲ್ಲಿ ಒಂದೂ ತನ್ನ ಮನೆಯನ್ನು ಬಿಟ್ಟು ಕದಲಿರಲಿಲ್ಲ. ಮಣೆಯ ಮೇಲೆಲ್ಲ ಪ್ರಬಲಳಾದ ರಾಣಿಯು ಡಿ೧ರಲ್ಲಿ ಕುಳಿತು ತನ್ನ ರಾಜನು ಅಲೆಯುವುದನ್ನು ಮೊದಲಿನಿಂದ ಕಡೆಯ ವರೆಗೆ ನೋಡಿದಳು. ಐಶ್ವರ್ಯವು ಇದ್ದರೆ ಸಾಲದು, ಅದು ಹೊರಟು ಕೆಲಸಕ್ಕೆ ಬರಬೇಕು ಎಂಬುದನ್ನು ನಾವು ಈ ರಾಣಿಯಿಂದ ಕಲಿಯುತ್ತೇವೆ. ಹೆಣ್ಣುಮಕ್ಕಳಿಗೆ ವಿದ್ಯೆಯನ್ನು ಕೊಟ್ಟ ಮೇಲೆ ಅವರನ್ನು ಮನೆಯಲ್ಲಿಯೇ ಕೂರಿಸುವ ತಂದೆತಾಯಿಯರು ಈ ಡಿ೧ನ್ನು ಒಮ್ಮೆ ನೆನೆಯಲಿ.

೬. ಸಮವೆಂದರೆ ಏನು?

ಈಗ ಆ ತಂದೆಯವರ ಪ್ರಶ್ನೆಗೆ ಬರೋಣ. ಎಲ್ಲ ಸಮವೂ ಒಂದೇ ಬಗೆಯದಲ್ಲ. ಇಬ್ಬರೂ ಹೆದರಿ, ಏನನ್ನೂ ಕೊಡದೆ, ಏನನ್ನೂ ಕೇಳದೆ ಕಾಯಿಗಳನ್ನು ಬದಲಾಯಿಸಿಕೊಂಡು ಎದ್ದುಹೋಗುವ ಸಮವೂ ಉಂಟು. ಅದನ್ನು ವ್ಯರ್ಥವೆಂದರೆ ನಾವು ವಾದಿಸುವುದಿಲ್ಲ. ವಿಯೆನ್ನಾದ ಸಮವು ಅಂಥದಲ್ಲ. ಅಲ್ಲಿ ಒಬ್ಬರು ತಮ್ಮಲ್ಲಿದ್ದ ರಾಣಿಯನ್ನೂ ಎರಡು ಕುದುರೆಗಳನ್ನೂ ಒಂದು ಒಂಟೆಯನ್ನೂ ಕೊಟ್ಟರು. ಇನ್ನೊಬ್ಬರು ಒಂದು ಹೆಜ್ಜೆ ತಪ್ಪಿದರೂ ನಾಶವಾಗುವ ದಾರಿಯಲ್ಲಿ ಹೆಜ್ಜೆ ತಪ್ಪದೆ ನಡೆದರು. ಕೊನೆಗೆ, ಗೆಲ್ಲುವ ಆಸೆಯನ್ನು ಬಿಟ್ಟು ಸತ್ಯವಾದ ಸ್ಥಿತಿಯನ್ನು ಒಪ್ಪಿಕೊಳ್ಳುವ ಬುದ್ಧಿಯನ್ನು ಇಬ್ಬರೂ ತೋರಿಸಿದರು. ಬಿಳಿಯವರು ದುರಾಶೆಯಿಂದ ಆ ಒಂಟೆಯನ್ನು ಹೊಡೆದಿದ್ದರೆ, ಕಪ್ಪಿನವರು ದುರಾಶೆಯಿಂದ ಶಹವನ್ನು ನಿಲ್ಲಿಸಿದ್ದರೆ, ಆಟವು ಒಬ್ಬರ ತಪ್ಪಿನಿಂದ ಮುಗಿಯುತ್ತಿತ್ತು. ಅದು ಮುಗಿದದ್ದು ಇಬ್ಬರ ಸರಿಯಾದ ನಡೆಯಿಂದ.

ಕಾಣಿಕೆಯ ಪೆಟ್ಟಿಗೆಯ ಬಳಿಗೆ ಬಂದ ಬಡ ವಿಧವೆಯ ಎರಡು ಕಾಸುಗಳನ್ನು ನಮ್ಮ ಕರ್ತನು ಯಾವ ತಕ್ಕಡಿಯಲ್ಲಿ ತೂಗಿದನೆಂಬುದನ್ನು ನಾವು ಪ್ರತಿ ವರ್ಷವೂ ಮಕ್ಕಳಿಗೆ ಹೇಳಿಕೊಡುತ್ತೇವೆ. ಕೊಟ್ಟದ್ದು ಎಷ್ಟೆಂಬುದಕ್ಕಿಂತ ಉಳಿಸಿಕೊಂಡದ್ದು ಎಷ್ಟೆಂಬುದು ಆ ತಕ್ಕಡಿಯ ಲೆಕ್ಕ. ಮೈಟ್ನರರ ಆಟವನ್ನು ನೋಡಿದಾಗಲೆಲ್ಲ ನಮಗೆ ಆ ತಕ್ಕಡಿಯು ನೆನಪಾಗುವುದು.

೭. ಮೈಟ್ನರರ ಮನೆ

ಈಗ ಹೇಳಿದಂತೆ ಆ ವಕೀಲರ ಮನೆಗೆ ಹೋಗೋಣ. ಈ ಆಟವು ನಡೆದ ಆರು ವರ್ಷಗಳ ಮೇಲೆ, ೧೮೭೮ರಲ್ಲಿ, ಅವರಿಗೆ ಒಬ್ಬ ಮಗಳು ಹುಟ್ಟಿದಳು. ಎಂಟು ಮಕ್ಕಳಲ್ಲಿ ಮೂರನೆಯವಳು. ಹೆಸರು ಲೀಸೆ. ಆ ಕಾಲದ ವಿಯೆನ್ನಾದಲ್ಲಿ ಹೆಣ್ಣುಮಕ್ಕಳ ಶಾಲೆಯು ಹದಿನಾಲ್ಕನೆಯ ವಯಸ್ಸಿಗೆ ಮುಗಿಯುತ್ತಿತ್ತು. ವಿಶ್ವವಿದ್ಯಾನಿಲಯದ ಬಾಗಿಲು ಹೆಂಗಸರಿಗೆ ತೆರೆದದ್ದು ೧೮೯೭ರಲ್ಲಿ. ಬಾಗಿಲು ತೆರೆದರೂ ಒಳಹೋಗಲು ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆ ಪರೀಕ್ಷೆಗೆ ಬೇಕಾದ ಪಾಠಗಳನ್ನು ಹುಡುಗಿಯರಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ತಂದೆಯವರು ಮೊದಲು ಮಗಳು ಜೀವನೋಪಾಯಕ್ಕಾಗಿ ಫ್ರೆಂಚ್ ಭಾಷೆಯ ಉಪಾಧ್ಯಾಯಿನಿಯಾಗಲು ಸಿದ್ಧಳಾಗಲಿ ಎಂದರು. ಅನಂತರ ಮನೆಯ ಪಾಠಕ್ಕೆ ಹಣವನ್ನು ತೆತ್ತರು. ಅನೇಕ ವರ್ಷಗಳ ಪಾಠವನ್ನು ಸುಮಾರು ಎರಡು ವರ್ಷಗಳಲ್ಲಿ ಮುಗಿಸಿ ಆಕೆಯು ೧೯೦೧ರಲ್ಲಿ ಪರೀಕ್ಷೆಗೆ ಕುಳಿತಳು. ಅಂದು ಕುಳಿತ ೧೪ ಮಂದಿ ಹುಡುಗಿಯರಲ್ಲಿ ತೇರ್ಗಡೆಯಾದವರು ೪ ಮಂದಿ. ಲೀಸೆ ಅವರಲ್ಲಿ ಒಬ್ಬಳು. ೧೯೦೬ರಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರ್ ಪದವಿ. ೧೯೦೭ರಲ್ಲಿ ಬರ್ಲಿನ್ ನಗರಕ್ಕೆ ಪ್ರಯಾಣ. ಅಲ್ಲಿಯೂ ತಂದೆಯವರ ಹಣಸಹಾಯವು ಬರುತ್ತಿತ್ತು. ಬರ್ಲಿನ್ನಿನ ರಸಾಯನಶಾಲೆಯಲ್ಲಿ ಹೆಂಗಸರಿಗೆ ಮಹಡಿಯ ಕೊಠಡಿಗಳಿಗೆ ಪ್ರವೇಶವಿರಲಿಲ್ಲ. ಆಕೆಗೆ ಕೆಲಸ ಮಾಡಲು ದೊರೆತದ್ದು ಹಿಂದೆ ಬಡಗಿಯ ಕೊಠಡಿಯಾಗಿದ್ದ ಕೆಳಗಿನ ಒಂದು ಸ್ಥಳ. ೧೯೦೮ರಲ್ಲಿ ಆಕೆಯು ಪ್ರಾಟೆಸ್ಟೆಂಟ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದಳು. ೧೯೧೦ರಲ್ಲಿ ತಂದೆಯವರು ತೀರಿಕೊಂಡರು. ೧೯೨೬ರಲ್ಲಿ ಆಕೆಯು ಜರ್ಮನಿಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕಿಯಾದ ಮೊದಲನೆಯ ಮಹಿಳೆಯಾದಳು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಯಹೂದ್ಯ ಕುಲದಲ್ಲಿ ಹುಟ್ಟಿದವಳೆಂಬ ಕಾರಣದಿಂದ ೧೯೩೮ರಲ್ಲಿ ಮೂವತ್ತು ವರ್ಷದ ಕೆಲಸವನ್ನು ಬಿಟ್ಟು ಆಕೆಯು ಹಾಲೆಂಡಿನ ಮಾರ್ಗವಾಗಿ ಸ್ವೀಡನ್ನಿಗೆ ಓಡಿಹೋಗಬೇಕಾಯಿತು. ಅದೇ ವರ್ಷದ ಕೊನೆಯಲ್ಲಿ, ಬರ್ಲಿನ್ನಿನಲ್ಲಿ ಆಕೆಯ ಸಹೋದ್ಯೋಗಿಗಳಾಗಿದ್ದ ಆಟೋ ಹಾನ್, ಸ್ಟ್ರಾಸ್ಮನ್ ಎಂಬವರಿಗೆ ಯುರೇನಿಯಂನಿಂದ ಬೇರಿಯಂ ಹುಟ್ಟುವುದು ಕಂಡುಬಂದಿತು. ಪರಮಾಣುವಿನ ತಿರುಳೇ ಎರಡಾಗಿ ಒಡೆಯುತ್ತಿದೆ ಎಂಬ ಅರ್ಥವನ್ನು ಲೀಸೆಯೂ ಆಕೆಯ ಸೋದರಿಯ ಮಗ ಆಟೋ ಫ್ರಿಶ್ ಎಂಬವರೂ ಕೂಡಿ ಬಿಡಿಸಿ ೧೯೩೯ರಲ್ಲಿ ಪ್ರಕಟಿಸಿದರು. ಆದರೆ ೧೯೪೪ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ಹಾನರೊಬ್ಬರಿಗೇ ಸಂದಿತು. ಈ ವಿದ್ಯೆಯಿಂದ ಬಾಂಬನ್ನು ಮಾಡುವ ಕೆಲಸಕ್ಕೆ ಕರೆದಾಗ ಆಕೆಯು ಒಪ್ಪಲಿಲ್ಲ. ೧೯೬೬ರಲ್ಲಿ ಅಮೆರಿಕ ದೇಶದ ಫರ್ಮಿ ಬಹುಮಾನವನ್ನು ಹಾನ್, ಸ್ಟ್ರಾಸ್ಮನ್, ಮೈಟ್ನರ್ ಮೂವರಿಗೂ ಹಂಚಿಕೊಟ್ಟರು; ಆಗ ಆಕೆಗೆ ಎಂಬತ್ತೇಳು ದಾಟಿದ್ದಿತು. ೧೯೬೮ರಲ್ಲಿ ಕೇಂಬ್ರಿಜಿನಲ್ಲಿ ದೇಹವನ್ನು ಬಿಟ್ಟಳು. ೧೯೯೭ರಲ್ಲಿ ನೂರ ಒಂಬತ್ತನೆಯ ಮೂಲವಸ್ತುವಿಗೆ ಆಕೆಯ ಹೆಸರಿನಿಂದ ಮೈಟ್ನೀರಿಯಂ ಎಂದು ನಾಮಕರಣವಾಯಿತು.

ತಂದೆಯ ಆಟಕ್ಕೂ ಮಗಳ ಬಾಳಿಗೂ ಸಂಬಂಧವನ್ನು ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗ ಒಂದು ವಿಷಯವು ಹೊಳೆಯುವುದು. ಚದುರಂಗದ ಮಣೆಯ ಮೇಲೆ ಸಮವಾದ ಆಟಕ್ಕೆ ಇಬ್ಬರ ಹೆಸರಿನ ಎದುರಿಗೂ ಅರ್ಧ ಅರ್ಧವೆಂದು ಬರೆಯಲೇಬೇಕು. ಯಾರೂ ಅದನ್ನು ಕಸಿಯುವಂತಿಲ್ಲ. ಲೋಕದ ಮಣೆಯ ಮೇಲೆ ಅಂಥ ನಿಯಮವಿಲ್ಲ. ಅಲ್ಲಿ ಒಬ್ಬಳಿಗೆ ಸಲ್ಲಬೇಕಾದ ಅರ್ಧವನ್ನು ಮನುಷ್ಯರು ನೆನಪಿಟ್ಟು ಬರೆಯಬೇಕು. ಮರೆತರೆ ಆ ಅರ್ಧವು ಹೋಯಿತು. ಹೆಣ್ಣುಮಕ್ಕಳ ದುಡಿಮೆಯಲ್ಲಿ ಹೀಗೆ ಬರೆಯದೆ ಉಳಿದ ಅರ್ಧಗಳು ಎಷ್ಟೋ! ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ತಮ್ಮಂದಿರ ಓದಿಗಾಗಿ ತಮ್ಮ ಓದನ್ನು ನಿಲ್ಲಿಸಿದವರುಂಟು, ಕಾಯಿಲೆಯ ತಾಯಿಗಾಗಿ ಪರೀಕ್ಷೆಯನ್ನು ಬಿಟ್ಟವರುಂಟು. ಅವರ ಹೆಸರು ಗೋಡೆಯ ಮೇಲಿನ ಬಹುಮಾನದ ಹಲಗೆಯಲ್ಲಿ ಇಲ್ಲ. ಅವರು ಸೋತವರೆಂದು ಯಾರಾದರೂ ಹೇಳಿದರೆ, ಎ೪ರಲ್ಲಿ ಬಿದ್ದ ರಾಣಿಯನ್ನು ನಾವು ತೋರಿಸುತ್ತೇವೆ.

೮. ಮನೆಯಲ್ಲಿ ಮಾಡತಕ್ಕ ಅಭ್ಯಾಸ

ಮೊದಲನೆಯದು: 'ಸಮವಾಯಿತು' ಎಂದು ಓದಿದ ಹದಿನೆಂಟನೆಯ ನಡೆಯ ಸ್ಥಿತಿಯನ್ನು ಮಣೆಯ ಮೇಲೆ ಹೂಡಿ, ಬಿಳಿಯ ರಾಜನು ಬಿ೭ರ ಒಂಟೆಯನ್ನು ಹೊಡೆದನೆಂದು ಭಾವಿಸಿರಿ. ಮುಂದಿನ ಶಹಮಾತನ್ನು ನೋಡದೆ ಹೇಳಲು ಸಾಧ್ಯವೇ?

ಎರಡನೆಯದು: ಹನ್ನೆರಡನೆಯ ನಡೆಯಲ್ಲಿ ಕಪ್ಪು ಕುದುರೆಯು ಇ೭ಕ್ಕೆ ಬಾರದೆ ಒಡನೆಯೇ ಬಿ೬ರ ಕಾಲಾಳಿನಿಂದ ಶಹ ಹಾಕಿದ್ದರೆ, ಬಿಳಿಯ ರಾಜನಿಗೆ ಹೆಚ್ಚಾಗಿ ದೊರೆಯುತ್ತಿದ್ದ ಮನೆಗಳು ಯಾವುವು? ಅವಸರಕ್ಕೂ ತಾಳ್ಮೆಗೂ ಇರುವ ಭೇದವು ಇದರಿಂದ ತಿಳಿಯುವುದು.

ಮೂರನೆಯದು ತಂದೆತಾಯಿಯರಿಗೆ. ನಿಮ್ಮ ಮಗಳು ಸಂಜೆ ಮನೆಗೆ ಬಂದು, "ಅಪ್ಪಾ, ಆಟವು ಸಮವಾಯಿತು" ಎಂದರೆ ಅಯ್ಯೋ ಎನ್ನಬೇಡಿರಿ. ಮಣೆಯನ್ನು ತಂದು ಮುಂದೆ ಇಟ್ಟು, "ಮೊದಲಿನಿಂದ ಹಾಕಿ ತೋರಿಸು ಮಗಳೇ, ನೋಡೋಣ" ಎನ್ನಿರಿ. ಆಕೆಯು ಏನನ್ನು ಕೊಟ್ಟಳು, ಎಲ್ಲಿ ತಾಳಿದಳು, ಎಲ್ಲಿ ನಿಂತಳು ಎಂಬುದನ್ನು ಕಡೆಯ ವರೆಗೆ ಕುಳಿತು ನೋಡಿರಿ. ಅಂದು ನಾವು ಆ ತಂದೆಯವರಿಗೆ ಕೊಡಬೇಕಾಗಿದ್ದ ಉತ್ತರವು ಇಷ್ಟೇ.